ಹಿಲ್ ಟಾಪ್ ಮನೆ ಬಿಯಾಟ್ರಿಕ್ಸ್ ಪಾಟರ್‌ಗೆ ಕಥೆ ಕೊಟ್ಟಿತಾ, ಕಸಿದುಕೊಂಡಿತಾ?

ಓದುಗುಳಿ
ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬಗ್ಗೆ ಏನೇ ಓದಿದರೂ ಒಂದು ಮಾತು ಬಂದೇ ಬರುತ್ತದೆ. ನಿಯರ್ ಸಾರಿ ಅನ್ನುವ ಹಳ್ಳಿ, ಅಲ್ಲಿ ಹಿಲ್ ಟಾಪ್ ಅನ್ನುವ ಹದಿನೇಳನೇ ಶತಮಾನದ ತೋಟದ ಮನೆ, ಆ ಮನೆಯೇ ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಕಥೆಗಳ ತವರು ಅಂತ. ಪಕ್ಕದಲ್ಲಿ ನೀಲಿ ಕೋಟು ಹಾಕಿದ ಮೊಲ ಪೀಟರ್‌ನ ಚಿತ್ರ ಇರಲೇಬೇಕು.

ನನಗೆ ಇದು ಗಂಟಲಲ್ಲಿ ಇಳಿಯುತ್ತಿಲ್ಲ. ಪೀಟರ್ ರ‍್ಯಾಬಿಟ್ ಕಥೆ ಹುಟ್ಟಿದ್ದು 1893ರಲ್ಲಿ, ಅದೂ ಸ್ಕಾಟ್ಲೆಂಡಿನಲ್ಲಿ. ತನಗೆ ಪಾಠ ಹೇಳಿಕೊಟ್ಟಿದ್ದ ಗವರ್ನೆಸ್‌ನ ಮಗ ಕಾಯಿಲೆ ಮಲಗಿದ್ದ, ಅವನಿಗೆ ಬರೆದ ಚಿತ್ರಪತ್ರ ಅದು. ಅಂಗಡಿಗೆ ಪುಸ್ತಕವಾಗಿ ಬಂದಿದ್ದು 1902ರಲ್ಲಿ. ಹಿಲ್ ಟಾಪ್ ಕೊಂಡಿದ್ದು 1905ರಲ್ಲಿ. ಅಂದ ಮೇಲೆ ಆಕೆಯ ಎಲ್ಲಕ್ಕಿಂತ ಹೆಸರಾದ ಕಥೆಗೂ ಈ ಮನೆಗೂ ಸಂಬಂಧವೇ ಇಲ್ಲ, ಅಲ್ವಾ? 1913ರಲ್ಲಿ ಮದುವೆಯಾಗಿ ಅದೇ ಊರಲ್ಲಿ ನೆಲೆ ನಿಂತ ಮೇಲೆ ಬರೆಯುವುದೇ ಕಮ್ಮಿಯಾಯಿತು. ಮನೆ ಬರುವ ಮುಂಚೆ ಒಳ್ಳೆಯ ಪುಸ್ತಕ, ಊರಲ್ಲಿ ಬೇರೂರಿದ ಮೇಲೆ ಬರೀ ಕುರಿ ಸಾಕಣೆ. ಹೀಗಿರುವಾಗ "ಕಥೆಗಳ ತವರು" ಅನ್ನುವುದು ಟಿಕೆಟ್ ಮಾರುವವರ ಮಾತಲ್ಲವೇ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ತರಲೆ
ಜಗಳಕ್ಕೆ ಕೇಳುತ್ತಿಲ್ಲ ಅಂದವರ ಪೋಸ್ಟಿನಲ್ಲೇ ಜಗಳ ಜಾಸ್ತಿ. ಕುರ್ಚಿ ಎಳೆದುಕೊಂಡು ಕೂತಿದ್ದೇನೆ.

ಇಲಿಬೋನು
1905 ಹೇಳಿದಿರಿ, 1913 ಹೇಳಿದಿರಿ. ನಡುವೆ ಎಂಟು ವರ್ಷ ಎಲ್ಲಿ ಹೋಯಿತು ಸ್ವಾಮಿ?

ಆ ಮನೆ ಇಲ್ಲದಿದ್ದರೆ ಹುಟ್ಟುವುದಕ್ಕೇ ಸಾಧ್ಯವಿಲ್ಲದ ಪುಸ್ತಕ ಒಂದಿದೆ. 1908ರ ಸ್ಯಾಮ್ಯುಯೆಲ್ ವಿಸ್ಕರ್ಸ್. ಮೊದಲು ಬಂದಾಗ ಅದರ ಹೆಸರು ರೋಲಿ-ಪೋಲಿ ಪುಡಿಂಗ್. ಹಳೇ ಮನೆ ಕೊಂಡವರಿಗೆ ಗೊತ್ತು, ಮನೆಯ ಜೊತೆಗೆ ಇಲಿಗಳೂ ಬರುತ್ತವೆ. ಹಿಲ್ ಟಾಪ್‌ನಲ್ಲಿ ಇಲಿಕಾಟ ವಿಪರೀತ ಇತ್ತು. ದಪ್ಪ ಗೋಡೆ, ಮರದ ಹಲಗೆ, ಅದರ ಹಿಂದೆಲ್ಲ ಓಡಾಟ. ಇನ್ನೊಬ್ಬರಾಗಿದ್ದರೆ ಪಾಷಾಣ ಇಟ್ಟು ಸುಮ್ಮನಾಗುತ್ತಿದ್ದರು. ಈಕೆ ಏನು ಮಾಡಿದರು? ಬೆಕ್ಕಿನ ಮರಿ ಟಾಮ್ ಚಿಮಣಿಯೊಳಗೆ ಹತ್ತುತ್ತದೆ, ದಾರಿ ತಪ್ಪಿ ಅಟ್ಟದ ಹಲಗೆಯ ಕೆಳಗೆ ಇಲಿಗಳ ಸಂಸಾರದೊಳಗೇ ಹೋಗಿ ಬೀಳುತ್ತದೆ. ಗಂಡ ಇಲಿ, ಹೆಂಡತಿ ಇಲಿ ಸೇರಿ ಅದನ್ನು ದಾರದಲ್ಲಿ ಕಟ್ಟಿ, ಬೆಣ್ಣೆ ಸವರಿ, ಕಣಕ ಸುತ್ತಿ, ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾರೆ. ಆ ಲಟ್ಟಣಿಗೆಯ ಸದ್ದು ಕೆಳಗೆ ಕೇಳಿಸುತ್ತದೆ. ಆಮೇಲೆ ಬಡಗಿ ನಾಯಿ ಬಂದು ಹಲಗೆ ಕೊಯ್ದು ಮರಿಯನ್ನು ಬಿಡಿಸುತ್ತದೆ.

ಈ ಕಥೆಯಲ್ಲಿ ಮನೆ ಅನ್ನುವುದು ಹಿನ್ನೆಲೆ ಪರದೆ ಅಲ್ಲ. ಗೋಡೆಯ ದಪ್ಪ, ಚಿಮಣಿಯ ತಿರುವು, ಮೆಟ್ಟಿಲು, ಅಟ್ಟ ಇವಿಲ್ಲದಿದ್ದರೆ ಕಥೆ ನಡೆಯುವುದೇ ಇಲ್ಲ. ಲಂಡನ್ನಿನ ಬೋಲ್ಟನ್ ಗಾರ್ಡನ್ಸ್‌ನಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುವುದು ಹೇಗೆ, ಹೇಳಿ ನೋಡೋಣ.

ಕಾಲುದಾರಿ
ಇಲಿಬೋನು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಆ ಮನೆ ನೋಡಿದ್ದೇನೆ. ನಮ್ಮ ಪ್ಯಾಕೇಜ್ ಟೂರಿನವರು ಹೊರಗಿಂದಲೇ ತೋರಿಸಿ ಬಸ್ ಹತ್ತಿಸುವ ಲೆಕ್ಕದಲ್ಲಿದ್ದರು, ಅವರ ಜೊತೆ ಒಂದು ಸುತ್ತು ಜಟಾಪಟಿ ಆಡಿ ಒಳಗೆ ಹೋದೆ.

ಮನೆ ಚಿಕ್ಕದು. ಟಿಕೆಟ್ ಮೇಲೆ ಒಳಗೆ ಬಿಡುವ ಹೊತ್ತು ಬರೆದಿರುತ್ತದೆ, ಯಾಕೆಂದರೆ ಒಂದೇ ಸಲ ಜಾಸ್ತಿ ಜನ ಹಿಡಿಸುವುದಿಲ್ಲ. ಗೇಟಿನಿಂದ ಬಾಗಿಲವರೆಗೆ ಉದ್ದ ಕಲ್ಲುದಾರಿ, ಎರಡೂ ಕಡೆ ಹೂವು, ತರಕಾರಿ ಎಲ್ಲ ಕಲಸಿಕೊಂಡು ಬೆಳೆದಿವೆ. ಒಳಗೆ ಹೋದರೆ ಕತ್ತಲು. ಕಣ್ಣು ಹೊಂದಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅಡುಗೆ ಒಲೆ, ನಿಂತ ಗಡಿಯಾರ, ಪಿಂಗಾಣಿ ಜೋಡಿಸಿದ ಓಕ್ ಮರದ ಬೀರು.

ಮೆಟ್ಟಿಲ ತಿರುವಿನಲ್ಲಿ ಒಂದು ಕಿಟಕಿ ಇದೆ, ಅದಕ್ಕೆ ಕೆಂಪು ಪರದೆ. ಅಲ್ಲಿ ನಿಂತಾಗ ಮೈ ಜುಮ್ಮೆಂದಿತು. ಸ್ಯಾಮ್ಯುಯೆಲ್ ವಿಸ್ಕರ್ಸ್‌ನಲ್ಲಿ ತಾಯಿ ಬೆಕ್ಕು ಮರಿಯನ್ನು ಹುಡುಕುತ್ತಾ ನಿಂತಿರುವ ಚಿತ್ರ ಇದೆಯಲ್ಲ, ಅದೇ ಜಾಗ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು. ಇಲಿ ಸದ್ದು ಕೇಳುತ್ತಾ ಅಂತ.

ಓದುಗುಳಿ
ಸರಿ, ಆ ಒಂದು ಪುಸ್ತಕ ಒಪ್ಪಿದೆ. ಒಂದು ಪುಸ್ತಕಕ್ಕೆ ತವರು ಅನ್ನೋಣ. ಉಳಿದವು?

ಮಳೆನಾಡಿ
1907ರ ಟಾಮ್ ಕಿಟನ್: ಅದೇ ತೋಟ, ಅದೇ ಕಲ್ಲುದಾರಿ, ಮರಿಗಳು ಹತ್ತಿ ಕೂರುವ ಅದೇ ಗೋಡೆ. ಪುಸ್ತಕದ ಅರ್ಪಣೆಯಲ್ಲೇ "ನನ್ನ ತೋಟದ ಗೋಡೆ" ಅಂತ ಬರುತ್ತದೆ.
1908ರ ಜೆಮೈಮಾ ಪಡಲ್-ಡಕ್: ಅದೇ ಹಟ್ಟಿ.
1909ರ ಜಿಂಜರ್ ಅಂಡ್ ಪಿಕಲ್ಸ್: ಊರ ಅಂಗಡಿ.
1913ರ ಪಿಗ್ಲಿಂಗ್ ಬ್ಲಾಂಡ್: ಅದೇ ತೋಟದ ಹಂದಿಮರಿಗಳು.
ಸಾಕಾ, ಇನ್ನೂ ಬೇಕಾ?

ಅಜ್ಜಿಮನೆ
ಜೆಮೈಮಾ ಬಗ್ಗೆ ಇನ್ನೊಂದೆರಡು ಮಾತು. ಆ ಬಾತುಕೋಳಿಯ ತಕರಾರು ಏನು? ತನ್ನ ಮೊಟ್ಟೆಗೆ ತಾನೇ ಕಾವು ಕೊಡಬೇಕು ಅಂತ. ತೋಟದ ಯಜಮಾನಿ ಬಿಡುವುದಿಲ್ಲ, ಮೊಟ್ಟೆ ಎತ್ತಿಕೊಂಡು ಹೋಗಿ ಕೋಳಿಯ ಅಡಿಯಲ್ಲಿ ಇಡುತ್ತಾಳೆ. ಬಾತುಗಳು ಅರ್ಧಕ್ಕೇ ಎದ್ದು ಹೋಗುತ್ತವೆ ಅಂತ ಸಾಕುವವರು ಮಾಡುವ ಉಪಾಯ ಇದು. ಸಾಕಿ ನೋಡದವರಿಗೆ ಇದು ಕಥೆಯ ಎಳೆ ಅಂತಲೇ ಹೊಳೆಯುವುದಿಲ್ಲ. ಜೆಮೈಮಾ ಮೊಟ್ಟೆ ಬಚ್ಚಿಡುವ ರೂಬಾರ್ಬ್ ಗಿಡದ ಮಡಿ ಆ ತೋಟದ್ದೇ. ಅವಳನ್ನು ಕಾಪಾಡುವ ಕೆಪ್ ಅನ್ನುವ ನಾಯಿ ಪಾಟರ್ ಅವರ ಸ್ವಂತ ಕಾಲೀ ತಳಿಯ ಕುರಿನಾಯಿ. ಪುಸ್ತಕ ಅರ್ಪಿಸಿದ್ದು ರಾಲ್ಫ್ ಮತ್ತು ಬೆಟ್ಸಿ ಅನ್ನುವ ಮಕ್ಕಳಿಗೆ, ತೋಟ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾನನ್ ಅವರ ಮಕ್ಕಳು.

ಕೊನೆಗೆ ಏನಾಗುತ್ತದೆ ನೆನಪಿದೆಯಾ? ನರಿಯಿಂದ ಬಾತು ಉಳಿಯುತ್ತದೆ. ಆದರೆ ಕಾಪಾಡಲು ಬಂದ ಬೇಟೆನಾಯಿ ಮರಿಗಳೇ ಮೊಟ್ಟೆಗಳನ್ನು ತಿಂದು ಮುಗಿಸುತ್ತವೆ. ತೋಟದಲ್ಲಿ ಬದುಕಿದವರು ಮಾತ್ರ ಮಕ್ಕಳ ಪುಸ್ತಕಕ್ಕೆ ಹೀಗೊಂದು ಕೊನೆ ಬರೆಯುತ್ತಾರೆ.

ನೇರಮಾತು
ಒಂದು ನಿಮಿಷ. "ತೋಟದಲ್ಲಿ ಬದುಕಿದವರು" ಅನ್ನುತ್ತೀರಲ್ಲ, 1905ರಿಂದ 1913ರವರೆಗೆ ಆಕೆ ಅಲ್ಲಿ ಬದುಕಿರಲಿಲ್ಲ. ಮೂವತ್ತೊಂಬತ್ತು ವರ್ಷದ ಹೆಂಗಸು, ಸ್ವಂತ ದುಡ್ಡು, ಸ್ವಂತ ಮನೆ. ಆದರೂ ವಾಸ ಲಂಡನ್ನಿನಲ್ಲಿ, ಅಪ್ಪ ಅಮ್ಮನ ಸೇವೆಯಲ್ಲಿ. ಬಿಡುವು ಸಿಕ್ಕಾಗ ರೈಲು ಹತ್ತಿ ಬರುವುದು, ಸ್ವಲ್ಪ ದಿನ ಇದ್ದು ವಾಪಸ್ ಓಡುವುದು. ಮನೆಯಲ್ಲಿ ಕಾಯಂ ಆಗಿ ಇದ್ದಿದ್ದು ಕ್ಯಾನನ್ ಸಂಸಾರ. ಅವರಿಗಾಗಿ ಪಕ್ಕದಲ್ಲೇ ಹೊಸ ಭಾಗ ಕಟ್ಟಿಸಿಕೊಟ್ಟರು.

1913ರಲ್ಲಿ ಹಾಕ್ಸ್‌ಹೆಡ್‌ನ ವಕೀಲ ವಿಲಿಯಂ ಹೀಲಿಸ್ ಅವರನ್ನು ಮದುವೆಯಾದರಲ್ಲ, ಆಗಲೂ ಸಂಸಾರ ಹೂಡಿದ್ದು ಹಿಲ್ ಟಾಪ್‌ನಲ್ಲಲ್ಲ. 1909ರಲ್ಲಿ ಕೊಂಡಿದ್ದ ಕಾಸಲ್ ಫಾರ್ಮ್‌ನ ಕಾಸಲ್ ಕಾಟೇಜ್‌ನಲ್ಲಿ. ಅಂದರೆ "ಬಿಯಾಟ್ರಿಕ್ಸ್ ಪಾಟರ್ ಮನೆ" ಅಂತ ತೋರಿಸುವ ಮನೆಯಲ್ಲಿ ಆಕೆ ಯಾವತ್ತೂ ಕಾಯಂ ಆಗಿ ವಾಸ ಮಾಡಲೇ ಇಲ್ಲ.

ಇಲಿಬೋನು
@ನೇರಮಾತು ಇದು ನನ್ನ ವಾದಕ್ಕೇ ಬಲ ಕೊಟ್ಟಂತಾಯಿತು. ದಿನಾ ಇರುವ ಮನೆಯನ್ನು ಯಾರು ಅಷ್ಟು ಕಣ್ಣಿಟ್ಟು ನೋಡುತ್ತಾರೆ? ಬಿಟ್ಟು ಹೋಗಬೇಕು ಅಂತ ಗೊತ್ತಿದ್ದಾಗಲೇ ಬೀರು, ಗಡಿಯಾರ, ಮೆಟ್ಟಿಲು ಎಲ್ಲ ಕಾಗದಕ್ಕೆ ಇಳಿಯುವುದು. ಆ ವರ್ಷಗಳಲ್ಲಿ ಪುಸ್ತಕ ಇಲ್ಲದ ವರ್ಷವೇ ಇಲ್ಲ. ಪಕ್ಕದಲ್ಲೇ ನೆಲೆಸಿದ ಮೇಲೆ ಕಮ್ಮಿಯಾಯಿತು. ಹಿಲ್ ಟಾಪ್ ಆಕೆಗೆ ಬಯಸಿದ ಜಾಗ, ವಿಳಾಸ ಆಗಿರಲಿಲ್ಲ.

ನೇರಮಾತು
ಚಂದದ ಮಾತು. ಪುರಾವೆ ಅಲ್ಲ.

ತರಲೆ
😂

ಸಂಜೆಬಸ್
1905 ಅನ್ನುವ ಇಸವಿಯನ್ನು ಇಷ್ಟು ಹೊತ್ತಿನಿಂದ ಎಲ್ಲರೂ ಬರೀ ಲೆಕ್ಕಕ್ಕೆ ಬಳಸುತ್ತಿದ್ದೀರಿ. ಆ ವರ್ಷದ ಜುಲೈನಲ್ಲಿ ಪ್ರಕಾಶಕರ ಮನೆಯ ನಾರ್ಮನ್ ವಾರ್ನ್ ಮದುವೆ ಪ್ರಸ್ತಾಪ ಮಾಡುತ್ತಾರೆ. ಆಕೆ ಒಪ್ಪುತ್ತಾರೆ. ಅಪ್ಪ ಅಮ್ಮ ಒಪ್ಪುವುದಿಲ್ಲ, ವ್ಯಾಪಾರಸ್ಥರ ಮನೆಯ ಗಂಡು ಅಂತ. ಆಗಸ್ಟ್ 25ಕ್ಕೆ ನಾರ್ಮನ್ ರಕ್ತದ ಕಾಯಿಲೆಯಿಂದ ತೀರಿಕೊಳ್ಳುತ್ತಾರೆ. ಲೋಕಕ್ಕೆ ನಿಶ್ಚಿತಾರ್ಥದ ಸುದ್ದಿಯೇ ಗೊತ್ತಿಲ್ಲದಿರುವಾಗ ದುಃಖ ತೋರಿಸುವುದಾದರೂ ಹೇಗೆ? ಅದೇ ವರ್ಷ ಹಿಲ್ ಟಾಪ್ ಕೈಗೆ ಬಂತು.

ಮನೆಯ ಮೇಲಿನ ಒಂದು ಕೋಣೆಯಲ್ಲಿ ಬೊಂಬೆಮನೆ ಇದೆ. ಅದರಲ್ಲಿ ಬೊಂಬೆಗಳ ಊಟದ ಪ್ಲಾಸ್ಟರ್ ತಿನಿಸುಗಳಿವೆ. 1904ರ ಎರಡು ತುಂಟ ಇಲಿಗಳ ಕಥೆಗೆ ಚಿತ್ರ ಬರೆಯಲು ಬೇಕು ಅಂತ ನಾರ್ಮನ್ ಅಂಗಡಿಯಿಂದ ತಂದುಕೊಟ್ಟವು. ಆಮೇಲೆ ಆಕೆ ಬೇರೆ ಮದುವೆಯಾಗಿ, ಬೇರೆ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದರು. ಆ ತಿನಿಸುಗಳು ಹಿಲ್ ಟಾಪ್‌ನಲ್ಲೇ ಉಳಿದವು. ನನಗನ್ನಿಸುವುದು, ಬರೆಯುವ ಜಾಗಕ್ಕಿಂತ ಹೆಚ್ಚಾಗಿ ಅದು ಆಕೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಜಾಗ.

ಮಳೆನಾಡಿ
ಇದು ಗೊತ್ತೇ ಇರಲಿಲ್ಲ. ಬರೆದಿದ್ದಕ್ಕೆ ಥ್ಯಾಂಕ್ಸ್.

ಲೆಕ್ಕಾಚಾರ
ಭಾವನೆ ಎಲ್ಲ ಸರಿ, ದುಡ್ಡಿನ ಕಡೆಯೂ ನೋಡಿ. ಮನೆ ಪುಸ್ತಕ ಕೊಟ್ಟಿತಾ ಅಂತ ಕೇಳುತ್ತಿದ್ದೀರಿ. ಮೊದಲು ಪುಸ್ತಕ ಮನೆ ಕೊಟ್ಟಿತು. ಪ್ರಕಾಶಕರು ಬೇಡ ಅಂದಾಗ ಈಕೆ ಪೀಟರ್ ರ‍್ಯಾಬಿಟ್‌ನ 250 ಪ್ರತಿಗಳನ್ನು 1901ರ ಡಿಸೆಂಬರ್‌ನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. 1903ರಲ್ಲೇ ಪೀಟರ್ ಬೊಂಬೆಗೆ ಪೇಟೆಂಟ್ ಮಾಡಿಸಿದರು. ಹಿಲ್ ಟಾಪ್ ಕೊಂಡಿದ್ದು ರಾಯಲ್ಟಿ ಮತ್ತು ಬಂಧುವೊಬ್ಬರು ಬಿಟ್ಟುಹೋದ ಹಣ ಸೇರಿಸಿ. ಆಮೇಲೆ ಕಾಸಲ್ ಫಾರ್ಮ್, 1923ರಲ್ಲಿ ಟ್ರೌಟ್‌ಬೆಕ್ ಪಾರ್ಕ್, 1930ರಲ್ಲಿ ಮಂಕ್ ಕಾನಿಸ್ಟನ್ ಎಸ್ಟೇಟ್. 1943ರಲ್ಲಿ ತೀರಿಕೊಂಡಾಗ ಹಳೇ ಮನೆ, ನೆಲ ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋಗಿದ್ದು 4,000 ಎಕರೆಗೂ ಮೀರಿದ ಜಮೀನು. ಬರವಣಿಗೆಯಿಂದ ಬಂದಿದ್ದನ್ನು ಇಷ್ಟು ಪಟ್ಟಾಗಿ ನೆಲಕ್ಕೆ ಹಾಕಿದವರು ಅಪರೂಪ.

ಓದುಗುಳಿ
@ಲೆಕ್ಕಾಚಾರ ನನ್ನ ಎರಡನೇ ಪ್ರಶ್ನೆಗೆ ಇಲ್ಲೇ ಉತ್ತರ ಇದೆಯಲ್ಲ! ಎಸ್ಟೇಟ್ ಬೆಳೆಯಿತು, ಪುಸ್ತಕ ನಿಂತಿತು. 1913ರ ನಂತರ ಬಂದ ಪುಟ್ಟ ಪುಸ್ತಕಗಳು ಬೆರಳೆಣಿಕೆ. ಅದರಲ್ಲೂ 1917ರ ಪ್ರಾಸದ ಪುಸ್ತಕ ಹಳೆಯ ಚಿತ್ರಗಳನ್ನು ಹುಡುಕಿ ತೆಗೆದು ಮಾಡಿದ್ದು, ಪ್ರಕಾಶನ ಸಂಸ್ಥೆ ಮುಳುಗುವ ಸ್ಥಿತಿಯಲ್ಲಿತ್ತು ಅಂತ. ಬರೆಯಬೇಕು ಅನ್ನಿಸಿ ಬರೆದಿದ್ದಲ್ಲ.

ಕುರಿಮಂದೆ
ಬರೆಯುವುದು ನಿಂತರೆ ನಷ್ಟ ಅಂತ ಯಾಕೆ ಎಲ್ಲರೂ ಅಂದುಕೊಳ್ಳುತ್ತೀರಿ? ಆಕೆಗೆ ಕಣ್ಣು ಮಂಜಾಗಿತ್ತು. ಅಷ್ಟು ಸಣ್ಣ ಜಲವರ್ಣದ ಕೆಲಸ ಆಗುತ್ತಿರಲಿಲ್ಲ. ಜೊತೆಗೆ ಕುರಿ ಸಾಕುವುದು ಆಕೆಗೆ ಶೋಕಿ ಆಗಿರಲಿಲ್ಲ.

ಹರ್ಡ್‌ವಿಕ್ ಅಂತ ಆ ಬೆಟ್ಟಗಳ ತಳಿ. ಮರಿ ಹುಟ್ಟುವಾಗ ಕಪ್ಪು, ಬೆಳೆಯುತ್ತಾ ಬೂದು ಬಣ್ಣಕ್ಕೆ ತಿರುಗುತ್ತದೆ. ಬೇಲಿ ಇಲ್ಲದ ಬೆಟ್ಟದಲ್ಲಿ ಬಿಟ್ಟರೂ ತಾನು ಹುಟ್ಟಿದ ಮೇವುಗಾವಲು ಬಿಟ್ಟು ಹೋಗುವುದಿಲ್ಲ. ತಾಯಿಯಿಂದ ಮರಿ ಕಲಿಯುತ್ತದೆ, ಈ ಬೆಟ್ಟದ ಈ ಭಾಗ ನಮ್ಮದು ಅಂತ. ಅದಕ್ಕೇ ಅಲ್ಲಿ ತೋಟ ಮಾರುವಾಗ ಕುರಿ ಮಂದೆಯನ್ನೂ ತೋಟದ ಜೊತೆಯೇ ಬಿಡುತ್ತಾರೆ. ಮಂದೆ ಚದುರಿದರೆ ಆ ತಿಳಿವಳಿಕೆಯೇ ಹೋಯಿತು, ಹೊಸ ಕುರಿ ತಂದು ಕಲಿಸುವುದಕ್ಕೆ ತಲೆಮಾರು ಬೇಕು. ಪಾಟರ್ ತಮ್ಮ ಉಯಿಲಿನಲ್ಲಿ ಬೆಟ್ಟದ ತೋಟಗಳಲ್ಲಿ ಹರ್ಡ್‌ವಿಕ್ ತಳಿಯೇ ಇರಬೇಕು ಅಂತ ಬರೆಸಿದ್ದು ಇದು ಗೊತ್ತಿದ್ದರಿಂದ. ಟಾಮ್ ಸ್ಟೋರಿ ಅನ್ನುವ ಕುರುಬನನ್ನು ಜೊತೆಗಿಟ್ಟುಕೊಂಡು ಪ್ರದರ್ಶನಗಳಲ್ಲಿ ಬಹುಮಾನ ಗೆದ್ದರು. 1943ರಲ್ಲಿ ಹರ್ಡ್‌ವಿಕ್ ಸಾಕುವವರ ಸಂಘಕ್ಕೆ ಅಧ್ಯಕ್ಷೆಯಾಗಿ ಆರಿಸಿದರು, ಅಧಿಕಾರ ವಹಿಸಿಕೊಳ್ಳುವ ಮುಂಚೆ ತೀರಿಕೊಂಡರು. ಗಂಡಸರೇ ತುಂಬಿದ್ದ ಸಂಘ ಅದು. ಮೊಲದ ಪುಸ್ತಕ ಚೆನ್ನಾಗಿದೆ ಅಂತ ಅವರು ಯಾರನ್ನೂ ಅಧ್ಯಕ್ಷೆ ಮಾಡುವ ಜನ ಅಲ್ಲ.

ಸಂಜೆಬಸ್
ಊರಲ್ಲಿ ಆಕೆಯನ್ನು ಕರೆಯುತ್ತಿದ್ದಿದ್ದೂ ಮಿಸೆಸ್ ಹೀಲಿಸ್ ಅಂತ. ಪಾಟರ್ ಅನ್ನುವ ಹೆಸರು ಪುಸ್ತಕದ ರಟ್ಟಿಗೆ ಮಾತ್ರ.

ಅಣಬೆಬುಟ್ಟಿ
ಕುರಿ ಬಂದ ಮೇಲೆ ಅಣಬೆಯೂ ಬರಲಿ. ಕಥೆಗಿಂತ ಮುಂಚೆ ಆಕೆ ಮಾಡುತ್ತಿದ್ದ ಕೆಲಸ ಅದು. ಅಣಬೆಯ ಬೀಜಕಣ ಮೊಳೆಯುವುದರ ಬಗ್ಗೆ 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘಕ್ಕೆ ಪ್ರಬಂಧ ಕೊಟ್ಟರು. ಹೆಂಗಸರು ಸಭೆಗೆ ಬರುವ ಹಾಗಿಲ್ಲ, ಬೇರೆಯವರು ಮಂಡಿಸಿದರು. ಆಮೇಲೆ ಪ್ರಬಂಧ ವಾಪಸ್ ತೆಗೆದುಕೊಂಡರು, ಅಚ್ಚಾಗಲೇ ಇಲ್ಲ. ನೂರು ವರ್ಷ ಕಳೆದು 1997ರಲ್ಲಿ ಸೊಸೈಟಿ ತನ್ನ ನಡವಳಿಕೆಗೆ ವಿಷಾದ ಹೇಳಿತು. ಆಕೆಯ ನೂರಾರು ಅಣಬೆ ಚಿತ್ರಗಳು ಆಂಬಲ್‌ಸೈಡ್ ಊರಿನ ಆರ್ಮಿಟ್ ಮ್ಯೂಸಿಯಂನಲ್ಲಿವೆ. ಒಂದೊಂದು ಗೆರೆಯೂ ಸಸ್ಯಶಾಸ್ತ್ರದ ಪಾಠ.

ಇದನ್ನು ಯಾಕೆ ಹೇಳಿದೆ ಅಂದರೆ, ಹಿಲ್ ಟಾಪ್ ಆಕೆಯ ಕಣ್ಣನ್ನು ತೆರೆಸಲಿಲ್ಲ. ಕಣ್ಣು ಮೊದಲೇ ತೆರೆದಿತ್ತು.

ನೇರಮಾತು
ಲೇಕ್ ಡಿಸ್ಟ್ರಿಕ್ಟ್ ಕೂಡ ಮೊದಲೇ ಗೊತ್ತಿತ್ತು. 1882ರಲ್ಲಿ ಹದಿನಾರರ ಹುಡುಗಿಯಾಗಿ ರೇ ಕಾಸಲ್‌ಗೆ ರಜೆಗೆ ಬಂದಿದ್ದರು. ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದವರಲ್ಲಿ ಒಬ್ಬರಾದ ಪಾದ್ರಿ ಹಾರ್ಡ್‌ವಿಕ್ ರಾನ್ಸ್ಲಿ ಪರಿಚಯವಾಗಿದ್ದು ಆಗಲೇ. 1903ರ ಅಳಿಲು ನಟ್‌ಕಿನ್ ಕಥೆ ಡರ್ವೆಂಟ್‌ವಾಟರ್ ಕೆರೆಯದ್ದು, ಗೂಬೆ ಇರುವ ನಡುಗಡ್ಡೆ ಸೇಂಟ್ ಹರ್ಬರ್ಟ್ಸ್ ಐಲ್ಯಾಂಡ್. ಮುಳ್ಳುಹಂದಿ ಟಿಗ್ಗಿ-ವಿಂಕಲ್ ನ್ಯೂಲ್ಯಾಂಡ್ಸ್ ಕಣಿವೆಯವಳು. ಇವೆಲ್ಲ ಹಿಲ್ ಟಾಪ್‌ಗಿಂತ ಮುಂಚೆ. ಒಂದು ಮನೆಯ ಹೆಸರಿಗೆ ಎಲ್ಲವನ್ನೂ ಬರೆದುಕೊಡಬೇಡಿ ಅನ್ನುವುದಷ್ಟೇ ನನ್ನ ತಕರಾರು.

ಇಲಿಬೋನು
ಎಲ್ಲವನ್ನೂ ಯಾರು ಬರೆದುಕೊಟ್ಟರು? ನಟ್‌ಕಿನ್ ಮತ್ತು ಸ್ಯಾಮ್ಯುಯೆಲ್ ವಿಸ್ಕರ್ಸ್ ಪಕ್ಕಪಕ್ಕ ಇಟ್ಟು ನೋಡಿ. ನಟ್‌ಕಿನ್‌ನಲ್ಲಿ ಕೆರೆ, ಮರ, ಸಂಜೆ, ಎಲ್ಲ ಚಂದ. ರಜೆಗೆ ಬಂದವರು ನೋಡುವ ಚಂದ. ನಿಯರ್ ಸಾರಿ ಊರಿನ ಪುಸ್ತಕಗಳಲ್ಲಿ ಯಾರ ಅಂಗಡಿಯಲ್ಲಿ ಎಷ್ಟು ಸಾಲ, ಯಾರ ಮೊಟ್ಟೆ ಯಾರ ಕೆಳಗೆ, ಹಿಟ್ಟು ಯಾರು ಕದ್ದರು. ಜಿಂಜರ್ ಅಂಡ್ ಪಿಕಲ್ಸ್ ಪೂರ್ತಿ ಕಥೆಯೇ ಸಾಲ ಕೊಟ್ಟು ಕೆಟ್ಟ ಅಂಗಡಿಯದ್ದು! ಮನೆ ಕೊಂಡು, ಊರವರ ಜೊತೆ ವ್ಯವಹಾರ ಮಾಡಿದ ಮೇಲೆ ಬರುವ ವಿಷಯ ಇವು. ಅಲ್ಲಿ ಆಗಿದ್ದು ಈ ಬದಲಾವಣೆ. ಸ್ಯಾಮ್ಯುಯೆಲ್‌ನಲ್ಲಿ ಆಕೆ ತಾವೇ ಕಾಣಿಸಿಕೊಳ್ಳುತ್ತಾರೆ ಗೊತ್ತಲ್ಲ? ಅಂಚೆಗೆ ಹೊರಟಾಗ ಇಲಿಗಳು ಗಂಟುಮೂಟೆ ಕಟ್ಟಿ ಕೈಗಾಡಿ ತಳ್ಳಿಕೊಂಡು ಓಡುತ್ತಿರುತ್ತವೆ. ಗಾಡಿ ನನ್ನದೇ ಇದ್ದ ಹಾಗಿದೆ, ನಾನಂತೂ ಕೊಟ್ಟಿರಲಿಲ್ಲ ಅಂತ ಗೊಣಗುತ್ತಾರೆ. ರಜೆಗೆ ಬಂದವರಿಗೆ ಸ್ವಂತ ಕೈಗಾಡಿ ಇರುವುದಿಲ್ಲ.

ನೇರಮಾತು
ಇದು ಪುರಾವೆ. ಒಪ್ಪಿದೆ.

ತರಲೆ
ದಾಖಲಿಸಿಕೊಳ್ಳಿ, ನೇರಮಾತು ಒಪ್ಪಿದ್ದಾರೆ.

ಹೊಸಬ್ಬಿ
ಸಿನಿಮಾದಲ್ಲಿ ಆ ಮನೆ ನೋಡಿದ್ದೆ, ತುಂಬಾ ಚೆನ್ನಾಗಿದೆ. ಬೆಟ್ಟದ ಬುಡದಲ್ಲಿ ಬಿಳಿ ಮನೆ.

ಕಾಲುದಾರಿ
@ಹೊಸಬ್ಬಿ 2006ರ ಸಿನಿಮಾನಾ? ಅದರಲ್ಲಿ ಇರುವುದು ಹಿಲ್ ಟಾಪ್ ಅಲ್ಲ, ಕಾನಿಸ್ಟನ್ ಹತ್ತಿರದ ಯೂ ಟ್ರೀ ಫಾರ್ಮ್. ತಮಾಷೆ ಅಂದರೆ ಅದೂ ಪಾಟರ್ ಒಡೆತನದಲ್ಲೇ ಇದ್ದ ತೋಟ. ನಿಜವಾದ ಹಿಲ್ ಟಾಪ್ ಅಷ್ಟು ಬೆಳ್ಳಗಿಲ್ಲ, ಬೂದು ಬಣ್ಣ, ಬಳ್ಳಿ ಹಬ್ಬಿದೆ. ಫೋಟೋಗೆ ಅಷ್ಟೇನೂ ಬಗ್ಗುವುದಿಲ್ಲ.

ಮಳೆನಾಡಿ
ನಮ್ಮ ಕುಪ್ಪಳಿಯ ಕವಿಮನೆ ಬಗ್ಗೆಯೂ ಹೀಗೇ ಕೇಳಬಹುದಲ್ವಾ?

ನಿರ್ವಾಹಕ
ಕೇಳಬಹುದು, ಬೇರೆ ಎಳೆಯಲ್ಲಿ. ಇಲ್ಲಿ ಶುರುವಾದರೆ ಮುಗಿಯುವುದಿಲ್ಲ.

ಅಜ್ಜಿಮನೆ
ಮನೆಯನ್ನು 1946ರಲ್ಲಿ ಜನರಿಗೆ ತೆರೆದರು. ತಾನು ಇಟ್ಟ ಹಾಗೇ ಇರಬೇಕು ಅಂತ ಆಕೆಯೇ ಹೇಳಿಹೋಗಿದ್ದರು. ನನಗೆ ಅನುಮಾನ ಇರುವುದು ಇಲ್ಲೇ. ಪಕ್ಕದ ಮನೆಯಲ್ಲಿ ವಾಸ ಮಾಡುತ್ತಾ ಈ ಮನೆಗೆ ಹಳೇ ಬೀರು, ಪಿಂಗಾಣಿ, ತಮ್ಮ ಬರ್ಟ್ರಮ್ ಬರೆದ ದೊಡ್ಡ ದೊಡ್ಡ ಚಿತ್ರ ಎಲ್ಲ ತಂದು ಜೋಡಿಸುತ್ತಾ ಹೋದರು. ಅಂದರೆ ನಾವು ನೋಡುವುದು ಬರಹಗಾರ್ತಿ ಬದುಕಿದ ಮನೆಯಾ, ಆಕೆ ನಮಗೆ ತೋರಿಸಬೇಕು ಅಂತ ಜೋಡಿಸಿದ ಮನೆಯಾ? ಪುಸ್ತಕದ ಪುಟದ ಹಾಗೇ ಮನೆ ಇದೆ ಅಂತ ಬೆರಗಾಗುತ್ತೇವೆ. ಪುಟ ನೋಡಿಯೇ ಮನೆ ಉಳಿಸಿಕೊಂಡಿರಬಹುದಲ್ವಾ?

ಸಂಜೆಬಸ್
ಎರಡೂ ಇರಬಹುದು. ಹದಿಹರೆಯದಿಂದ ಸಂಕೇತ ಲಿಪಿಯಲ್ಲಿ ದಿನಚರಿ ಬರೆದ ಹೆಂಗಸು ಅದು. ಆಕೆ ತೀರಿಕೊಂಡು ಹದಿನೈದು ವರ್ಷದ ಮೇಲೆ, 1958ರಲ್ಲಿ ಲೆಸ್ಲಿ ಲಿಂಡರ್ ಆ ಲಿಪಿಯ ಗುಟ್ಟು ಒಡೆದರು. ಏನು ತೋರಿಸಬೇಕು, ಏನು ಬಚ್ಚಿಡಬೇಕು ಅನ್ನುವುದರಲ್ಲಿ ಆಕೆ ಪಳಗಿದ ಕೈ.

ಓದುಗುಳಿ
ಇಷ್ಟೆಲ್ಲ ಓದಿದ ಮೇಲೆ ನನ್ನ ನಿಲುವು ಅರ್ಧ ಸಡಿಲವಾಗಿದೆ. ಸಾರಿ ಪುಸ್ತಕಗಳ ಮಟ್ಟಿಗೆ ಮನೆಗೆ ಪಾಲು ಇದೆ, ದೊಡ್ಡ ಪಾಲೇ. ಆದರೆ ಪೀಟರ್‌ನನ್ನು ಅಲ್ಲಿಗೆ ಅಂಟಿಸುವುದು ಮಾತ್ರ ಒಪ್ಪುವುದಿಲ್ಲ. ಅದರಲ್ಲಿ ಯಾರೂ ನನ್ನನ್ನು ಅಲ್ಲಾಡಿಸಿಲ್ಲ.

ಕುರಿಮಂದೆ
ಅಲ್ಲಾಡಿಸುತ್ತೇನೆ ತಾಳಿ. 1912ರ ಮಿಸ್ಟರ್ ಟಾಡ್ ಓದಿದ್ದೀರಾ? ನರಿ ಮತ್ತು ಬ್ಯಾಜರ್ (ಬಿಲ ತೋಡುವ ಒಂದು ಕಾಡುಪ್ರಾಣಿ) ಜಗಳದ ಕಥೆ, ನಡೆಯುವುದು ಸಾರಿ ಸುತ್ತಲಿನ ಬೆಟ್ಟದಲ್ಲಿ. ಬ್ಯಾಜರ್ ಮೊಲದ ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತದೆ. ಹುಡುಕಿಕೊಂಡು ಹೊರಡುವುದು ಮರಿಗಳ ಅಪ್ಪ ಬೆಂಜಮಿನ್ ಮತ್ತು, ಹೌದು, ಪೀಟರ್. ದೊಡ್ಡವನಾಗಿದ್ದಾನೆ, ಜವಾಬ್ದಾರಿ ಬಂದಿದೆ. ಹುಟ್ಟಿದ್ದು ಸ್ಕಾಟ್ಲೆಂಡ್ ಇರಬಹುದು, ಆದರೆ ಹುಡುಗ ಸಾರಿಗೇ ಬಂದು ಸೇರಿಕೊಂಡ.

ಓದುಗುಳಿ
ಅದು ನನ್ನ ಹತ್ತಿರ ಇಲ್ಲ. ಇವತ್ತೇ ಹುಡುಕುತ್ತೇನೆ. ಆರು ವರ್ಷದವರಿಗೆ ಓದಿ ಹೇಳಬಹುದಾ?

ಇಲಿಬೋನು
ಮಿಸ್ಟರ್ ಟಾಡ್ ಸ್ವಲ್ಪ ಉದ್ದ, ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಸ್ಯಾಮ್ಯುಯೆಲ್ ವಿಸ್ಕರ್ಸ್ ಮಾತ್ರ ಹಗಲು ಹೊತ್ತು ಓದಿ. ಬೆಕ್ಕಿನ ಮರಿಗೆ ಕಣಕ ಸುತ್ತುವ ಚಿತ್ರ ನೋಡಿ ನಮ್ಮನೆ ಹುಡುಗ ಆ ವಾರ ಪೂರ್ತಿ ಚಪಾತಿ ಮುಟ್ಟಲಿಲ್ಲ.